ಸುವರ್ಣಕ್ಕನ ಏಳನೇ ಪ್ರಶ್ನೆ

ಮೊದಲು ನೋವು ಕಾಣಿಸಿಕೊಂಡದ್ದು ಬಲಗಾಲಿನ ಮೀನಖಂಡದಲ್ಲಿ. ಹೊಲಿಗೆ ಮಷಿನ್ನಿನ ಮುಂದಿನಿಂದ ಎದ್ದೆ. ಒಳಗಿನಿಂದ ಯಾರೋ ಹಿಡಿದು ಎಳೆದಂತಾಯಿತು. ಮತ್ತೆ ಕೂತೆ. ನ್ಯಾಮತಿಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ, ಬರೀ ಹೆಂಗಸರ ಬ್ಲೌಸು. ಆಗ ಮದುವೆ ಸೀಸನ್. ಮಷಿನ್ನಿಗೆ ಮೋಟರ್ ಹಾಕಿಸಿದ ಮೇಲೆ ತುಳಿಯುವ ಕೆಲಸವೂ ಇಲ್ಲದೆ ಕಾಲು ಬೆಳಗಿನಿಂದ ಸಂಜೆವರೆಗೆ ಇಟ್ಟಲ್ಲೇ ಇರುತ್ತಿತ್ತು. ಉಳುಕಿರಬೇಕು ಅಂದುಕೊಂಡೆ.

ಮೂರನೇ ದಿನಕ್ಕೆ ಕಾಲು ಬಿಗಿಯಿತು. ಚರ್ಮ ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಅಂಗಡಿಯ ಪರದೆ ಎಳೆದು, ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ. ಎಡಗಾಲು ಹನ್ನೆರಡೂವರೆ ಇಂಚು. ಬಲಗಾಲು ಹದಿನಾಲ್ಕು.

ಒಂದೂವರೆ ಇಂಚು ಹೆಚ್ಚು.

ತೋಳಿನಲ್ಲಿ ಕಾಲಿಂಚು ಆಚೀಚೆಯಾದರೆ ಜಗಳಕ್ಕೆ ಬರುವ ಗಿರಾಕಿಗಳ ನಡುವೆ ಇಪ್ಪತ್ತು ವರ್ಷ ಕಳೆದವಳು ನಾನು. ನನಗೆ ಅಳತೆ ತಪ್ಪುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಗೊತ್ತಿರಲಿಲ್ಲ ಎಂಬ ನೆಪ ನನಗೆ ಸಿಗುವುದಿಲ್ಲ.

ನನ್ನ ಸ್ವಭಾವವನ್ನೂ ಹೇಳಬೇಕು. ನನಗೆ ಬೇಗ ಹೇಸಿಗೆಯಾಗುತ್ತದೆ. ‘ಅಳತೆ ಬ್ಲೌಸನ್ನು ತೊಳೆದು ತನ್ನಿ’ ಎಂದು ಅಂಗಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಯಾರೂ ತೊಳೆದು ತರುವುದಿಲ್ಲ. ಕಂಕುಳಲ್ಲಿ ಬೆವರು ಒಣಗಿ ಬಿಳಿ ಗೆರೆ ಎದ್ದಿರುತ್ತದೆ, ಕೊರಳಪಟ್ಟಿಯಲ್ಲಿ ಪೌಡರು ಕೊಳೆಯೊಂದಿಗೆ ಕಲಸಿಕೊಂಡಿರುತ್ತದೆ. ಅದನ್ನು ಕೈಗೆ ಕೊಟ್ಟು “ನಿನ್ನೆ ತಾನೆ ತೊಳ್ದಿದ್ದು ಮಂಜಕ್ಕ” ಎನ್ನುತ್ತಾರೆ. ನಾನು ಎರಡೇ ಬೆರಳಲ್ಲಿ ಹಿಡಿದು ಮೂಲೆಗಿಡುತ್ತೇನೆ. ಕೊಳೆಗಿಂತ ಆ ಸುಳ್ಳಿಗೇ ನನಗೆ ಮೈ ಉರಿಯುತ್ತದೆ. ಸುಳ್ಳು ಹೇಳುವ ಗಿರಾಕಿಯಷ್ಟು ಹೊಲಸು ಬೇರೆ ಇಲ್ಲ ಎಂದು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಕಾಲಿನ ವಿಷಯವನ್ನು ಮೊದಲು ಹೇಳಿದ್ದು ನಾದಿನಿ ಗಿರಿಜಾಗೆ. ನನ್ನ ಗಂಡನ ತಂಗಿ, ಹೊನ್ನಾಳಿಗೆ ಕೊಟ್ಟಿದ್ದೇವೆ.

“ಆಸ್ಪತ್ರಿಗೆ ಹೋಗಬ್ಯಾಡ ಅತ್ತಿಗೆ. ಹೋದ್ರೆ ಮಲಗಿಸಿಬಿಡ್ತಾರೆ. ಚನ್ನಗಿರಿ ಗೃಹಪ್ರವೇಶಕ್ಕೆ ಇನ್ನು ಎಂಟೇ ದಿನ ಐತೆ, ಪೂಜಿಗೆ ಕೂರೋರು ನೀವಿಬ್ರೇ. ಇಲ್ಲಿ ಸುವರ್ಣಕ್ಕ ಅಂತ ಅದಾಳೆ, ತಿಕ್ಕಿ ಸರಿ ಮಾಡ್ತಾಳೆ, ಬಾ” ಎಂದಳು.

ಗೃಹಪ್ರವೇಶ ನನ್ನ ಮೈದುನನದು, ಅವನಿಗಿನ್ನೂ ಮದುವೆಯಾಗಿಲ್ಲ, ಅದಕ್ಕೇ ಪೂಜೆಗೆ ಗಂಡಹೆಂಡತಿಯಾಗಿ ನಾವು ಕೂರಬೇಕಿತ್ತು. ಅದಕ್ಕಾಗಿ ನಾನು ಇನ್ನೊಂದು ಕೆಲಸ ಆಗಲೇ ಶುರು ಮಾಡಿದ್ದೆ. ಮುಟ್ಟಿನ ದಿನ ಸರಿಯಾಗಿ ಪೂಜೆಗೇ ಬೀಳುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ಮುಂದೂಡುವ ಮಾತ್ರೆ ತೆಗೆದುಕೊಂಡು ದಿನಕ್ಕೆ ಮೂರರಂತೆ ನುಂಗುತ್ತಿದ್ದೆ. ನಮ್ಮಲ್ಲಿ ಮಡಿ ಮೈಲಿಗೆ ಇಲ್ಲ ಎಂದು ಗಂಡಸರು ಸಭೆಯಲ್ಲಿ ಹೇಳುತ್ತಾರೆ. ಮನೆಯಲ್ಲಿ ಮಾತ್ರ ಯಾವ ಹೆಂಗಸೂ ಆ ಧೈರ್ಯ ಮಾಡಿದ್ದನ್ನು ನಾನು ಕಂಡಿಲ್ಲ. ಶ್ರಾವಣಕ್ಕೆ, ಮದುವೆಗೆ, ಧರ್ಮಸ್ಥಳಕ್ಕೆ ಹೊರಟಾಗ ಎಲ್ಲರೂ ನುಂಗುತ್ತಾರೆ. ಯಾವ ಡಾಕ್ಟರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.

ಸುವರ್ಣಕ್ಕ ಜಗಳೂರಿನ ಕಡೆಯ ಹೆಂಗಸು. ದಾವಣಗೆರೆಯಲ್ಲಿ ತರಬೇತಿ ಪಡೆದು ಹೊನ್ನಾಳಿಯ ಎರಡು ಕೋಣೆಯಲ್ಲಿ ಹೆಂಗಸರಿಗಷ್ಟೇ ಮಸಾಜ್ ಮಾಡುತ್ತಾಳೆ. ಎಣ್ಣೆ ಕಮಟು, ಹತ್ತು ಜನ ಮಲಗೆದ್ದ ಚಾಪೆ, ಯಾರದೋ ಕೂದಲು, ಬಸ್ಸಿನುದ್ದಕ್ಕೂ ಇವನ್ನೇ ನೆನೆಯುತ್ತಿದ್ದೆ. ಮನೆಯಿಂದಲೇ ಒಗೆದ ಬೆಡ್‌ಶೀಟ್ ಒಯ್ದಿದ್ದೆ. ಹೋಗಿ ನೋಡಿದರೆ ಕೋಣೆ ನನ್ನ ಅಂಗಡಿಗಿಂತ ಸ್ವಚ್ಛ. ಅದಕ್ಕೂ ಸಿಟ್ಟು ಬಂತು.

ಗೋಡೆಯ ಮೇಲೆ ಅವಳದೂ ಒಂದು ಬೋರ್ಡು. ಊಟ ಮಾಡಿದ ಕೂಡಲೇ ಬರಬೇಡಿ. ಜ್ವರ, ಗಾಯ, ಚರ್ಮದ ಕಾಯಿಲೆ ಇದ್ದರೆ ವಾಸಿಯಾದ ಮೇಲೆ ಬನ್ನಿ. ತಡವಾಗಿ ಬಂದರೆ ಉಳಿದಷ್ಟೇ ಹೊತ್ತು. ಗಂಡಸರಿಗೆ ಮಾಡುವುದಿಲ್ಲ, ಕೇಳಬೇಡಿ. ಬಟ್ಟೆ ಎಲ್ಲ ತೆಗೆಯಬೇಕೇ ಎಂದು ಎಲ್ಲರೂ ಕೇಳುತ್ತಾರೆ: ಬೇಡ, ನೋವಿರುವ ಜಾಗ ಬಿಟ್ಟು ಉಳಿದದ್ದನ್ನು ಹೊದಿಕೆಯಲ್ಲಿ ಮುಚ್ಚಿಯೇ ಇಡುತ್ತೇನೆ, ನೀವು ಹೇಳದೆ ತೆಗೆಯುವುದಿಲ್ಲ. ಒಂದೇ ಸಲಕ್ಕೆ ಹೋಗುತ್ತದೆಯೇ: ಹೇಳಲಾರೆ. ಕೊನೆಯ ಸಾಲು ಕೆಂಪಕ್ಷರದಲ್ಲಿತ್ತು. ‘ನೀವು ಬರೆದುಕೊಟ್ಟದ್ದನ್ನು ನಾನು ಯಾರಿಗೂ ತೋರಿಸುವುದಿಲ್ಲ.’

ಕೈಗೊಂದು ಕಾಗದ ಕೊಟ್ಟಳು. ಹತ್ತು ಪ್ರಶ್ನೆ. ಬಿಪಿ, ಶುಗರ್, ಬಸಿರು. ಏಳನೆಯದು ಹೀಗಿತ್ತು: ‘ಒಂದೇ ಕಾಲು ಊದಿದೆಯೇ? ಹೌದಾದರೆ ಡಾಕ್ಟರಿಗೆ ತೋರಿಸಿ ಬನ್ನಿ. ಅಲ್ಲಿಯವರೆಗೆ ನಾನು ಮುಟ್ಟುವುದಿಲ್ಲ.’ ಒಂಬತ್ತನೆಯದು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?

ಪೆನ್ನು ಹಿಡಿದು ಕೂತೆ. ಪಕ್ಕದಲ್ಲಿದ್ದ ಗಿರಿಜಾ ಬಗ್ಗಿ, “ಇಲ್ಲ ಅಂತ ಬರಿ ಅತ್ತಿಗೆ. ಹೌದು ಅಂದ್ರೆ ವಾಪಸ್ ಕಳಿಸ್ತಾಳೆ” ಎಂದು ಪಿಸುಗುಟ್ಟಿದಳು.

ಇಲ್ಲ ಎಂದು ಬರೆದೆ. ಒಂಬತ್ತಕ್ಕೂ ಇಲ್ಲ. ಅಂಥ ಮಾತ್ರೆಯ ಹೆಸರನ್ನು ಕಾಗದದ ಮೇಲೆ ಬರೆಯುವುದೆಂದರೆ ಅಸಹ್ಯ ಅನ್ನಿಸಿತು.

ಮಲಗಿದೆ. ಬಲಗಾಲಷ್ಟೇ ಹೊರಗಿಟ್ಟು ಎಡಗಾಲನ್ನು ನನ್ನದೇ ಬೆಡ್‌ಶೀಟಿನಲ್ಲಿ ಬಿಗಿಯಾಗಿ ಸುತ್ತಿಕೊಂಡೆ. ಎರಡನ್ನೂ ಒಟ್ಟಿಗೆ ನೋಡಿದರೆ ಕುರುಡರಿಗೂ ತಿಳಿಯುತ್ತಿತ್ತು. ಸುವರ್ಣಕ್ಕ ಎರಡು ಸಲ ತಿಕ್ಕಿ ಕೈ ನಿಲ್ಲಿಸಿದಳು.

“ಬಿಸಿ ಐತಲ್ರಿ ಕಾಲು?”

“ಬಸ್ಸಿನಾಗೆ ಎಂಜಿನ್ ಪಕ್ಕ ಕುಂತಿದ್ದೆ” ಎಂದೆ.

“ಆ ಕಾಲು ಒಂದ್ಸಲ ನೋಡ್ಲೇನ್ರಿ?”

“ಬ್ಯಾಡ. ಅದೂ ಹಿಂಗೇ ಐತೆ. ನಮ್ಮ ಮನ್ಯಾಗೆ ಎಲ್ರದೂ ದಪ್ಪ ಕಾಲೇ.”

ಅವಳು ನನ್ನ ಮುಖ ನೋಡಿದಳು. ನಾನು ಆ ಮುಖವನ್ನು ಅಂಗಡಿಯಲ್ಲಿ ದಿನಾ ಹಾಕಿಕೊಳ್ಳುತ್ತೇನೆ, ತೊಳೆಯದ ಬ್ಲೌಸು ಕೈಗೆ ಬಂದಾಗ. ಆದರೆ ಅವಳು ತನ್ನ ಬೋರ್ಡಿನ ಮಾತು ಮೀರಲಿಲ್ಲ, ಹೊದಿಕೆ ಎಳೆಯಲಿಲ್ಲ. ಹತ್ತು ನಿಮಿಷ ಮೆತ್ತಗೆ ಒತ್ತಿ, ಸಾಕು, ಯಾಕೋ ಸರಿ ಕಾಣಲ್ಲ, ಡಾಕ್ಟರಿಗೆ ತೋರಿಸ್ರಿ ಎಂದಳು. ನಾವು ಬಾಗಿಲು ದಾಟುವಷ್ಟರಲ್ಲಿ ಗಿರಿಜಾ ಗೊಣಗಿದಳು, “ಸರಿಯಾಗಿ ತಿಕ್ಕಲೇ ಇಲ್ಲ.”

ಎರಡು ದಿನ ಕಳೆದು ಬೆಳಿಗ್ಗೆ, ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತ ನಿಂತಿದ್ದೆ. ಉಸಿರು ಅರ್ಧಕ್ಕೇ ನಿಂತಿತು. ಎದೆಯ ಬಲಗಡೆ ಸೂಜಿ ಮುರಿದು ಒಳಗೆ ಉಳಿದಂತೆ ಚುಚ್ಚು. ಮೇಜು ಹಿಡಿದೆ. ಯಾರದೋ ರೇಷ್ಮೆ ಬ್ಲೌಸಿನ ಮೇಲೆ ವಾಂತಿಯಾಯಿತು. ಆಮೇಲೆ ನೆಲದ ತಂಪಷ್ಟೇ ನೆನಪಿದೆ.

ಶಿವಮೊಗ್ಗದ ಆಸ್ಪತ್ರೆ. ಕಾಲಿನ ರಕ್ತನಾಳ ನೋಡಲು ಡಾಪ್ಲರ್, ಎದೆಗೆ ಸಿಟಿ ಸ್ಕ್ಯಾನ್. ಡಾಕ್ಟರ್ ನನ್ನ ಗಂಡನಿಗೆ ಹೇಳುತ್ತಿದ್ದದ್ದು ಐಸಿಯು ಮಂಚದಲ್ಲಿದ್ದ ನನಗೂ ಕೇಳಿಸಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರ ತುಣುಕು ಶ್ವಾಸಕೋಶಕ್ಕೆ ಹೋಗಿ ಕೂತಿದೆ. ಇನ್ನೂ ದೊಡ್ಡದಾಗಿದ್ದರೆ ಇಲ್ಲಿಯವರೆಗೆ ತರುತ್ತಿರಲಿಲ್ಲ ನೀವು.

“ಕಾಲನ್ನ ಯಾರಾದ್ರೂ ತಿಕ್ಕಿದ್ರಾ?” ಎಂದು ಕೇಳಿದರು.

ಗಿರಿಜಾ ಮುಂದೆ ಬಂದಳು. “ಹೊನ್ನಾಳ್ಯಾಗೆ ಒಬ್ಬಾಕೆ ತಿಕ್ಕಿದ್ಲು ಸಾರ್. ಚೆನ್ನಾಗಿದ್ದ ಕಾಲು, ಅವತ್ತಿಂದಾನೇ ಹಿಂಗಾತು.”

ನನ್ನ ಬಾಯಿಗೆ ಆಕ್ಸಿಜನ್ ಮಾಸ್ಕ್ ಇತ್ತು. ಮಾತಾಡಲು ಆಗುತ್ತಿರಲಿಲ್ಲ, ನಿಜ. ತಲೆ ಅಲ್ಲಾಡಿಸಬಹುದಿತ್ತು.

ಕಣ್ಣು ಮುಚ್ಚಿಕೊಂಡೆ.

ಮಾತ್ರೆಯ ವಿಷಯವನ್ನು ಮಾತ್ರ ಡಾಕ್ಟರ್ ಒಬ್ಬರೇ ಬಂದಾಗ ಹೇಳಿದೆ, ಅದೂ ಜೀವಭಯಕ್ಕೆ. ಅವರು ಬೈಯಲಿಲ್ಲ. ಆ ಮಾತ್ರೆಯಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ದಿನವಿಡೀ ಅಲ್ಲಾಡದೆ ಕೂತದ್ದೂ ಸೇರಿಕೊಂಡಿದೆ, ಅಷ್ಟು ಊದಿದ ಕಾಲನ್ನು ಒತ್ತಿಸಲೇಬಾರದಿತ್ತು ಎಂದರು. ಮಸಾಜಿನಿಂದಲೇ ತುಣುಕು ಕದಲಿತೋ, ತಾನಾಗಿಯೇ ಕದಲಿತೋ ಹೇಳಲಾಗದು ಎಂದರು. ಮಾತ್ರೆ ನಿಲ್ಲಿಸಿದರು. ರಕ್ತ ತೆಳು ಮಾಡುವ ಇಂಜೆಕ್ಷನ್ ಶುರುವಾಗಿತ್ತು.

ಆ ಎರಡೂ ಸೇರಿ ಆದದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಯಾವುದನ್ನು ಹೇಸಿ ಮುಂದೂಡಿದ್ದೆನೋ ಅದು ಐಸಿಯುನಲ್ಲಿ ಬಂತು. ಕಟ್ಟೆ ಒಡೆದಂತೆ ಬಂತು. ಗೃಹಪ್ರವೇಶದ ದಿನವೇ. ಅತ್ತ ಚನ್ನಗಿರಿಯಲ್ಲಿ ನಾವಿಲ್ಲದೆಯೇ ಹಾಲು ಉಕ್ಕಿಸುತ್ತಿದ್ದರು, ಇತ್ತ ನಾನು ನನ್ನದೇ ರಕ್ತದಲ್ಲಿ ತೊಯ್ದು, ಬೆಡ್‌ಪ್ಯಾನಿನ ಮೇಲೆ, ನಾಲ್ಕು ಜನ ಓಡಾಡುವ ಜಾಗದಲ್ಲಿ, ಒಂದು ಹಸಿರು ಪರದೆಯ ಮರೆಯಲ್ಲಿ ಬಿದ್ದಿದ್ದೆ. ನನ್ನ ವಾಸನೆ ನನಗೇ ತಡೆಯಲಾಗಲಿಲ್ಲ. ನರ್ಸ್ ಬಂದಳು, ನನ್ನ ಮಗಳ ವಯಸ್ಸು. “ಸೊಂಟ ಸ್ವಲ್ಪ ಎತ್ತಿ ಅಮ್ಮಾ” ಎಂದಳು. ಒರೆಸಿದಳು, ಬದಲಿಸಿದಳು, ಬಟ್ಟೆಯನ್ನು ಮಡಿಸಿ ಒಯ್ದಳು. ಎರಡು ಬೆರಳಲ್ಲಿ ಹಿಡಿಯಲಿಲ್ಲ, ಪೂರ್ತಿ ಕೈಯಲ್ಲಿ ಹಿಡಿದಳು. ದಿನಕ್ಕೆ ಐದಾರು ಸಲ. ನಾನು ಗೋಡೆ ಕಡೆ ಮುಖ ಮಾಡಿ ಅತ್ತೆ.

ಹನ್ನೊಂದನೇ ದಿನ ಮನೆಗೆ ಬಂದೆ. ಬಚ್ಚಲಿಗೆ ಹೋಗಿಬಂದರೆ ಏದುಸಿರು. ಬಲಗಾಲಿಗೆ ಬಿಗಿಯಾದ ಕಾಲುಚೀಲ, ಬೆಳಿಗ್ಗೆ ಸಂಜೆ ರಕ್ತ ತೆಳು ಮಾಡುವ ಮಾತ್ರೆ, ಒಸಡಿನಲ್ಲಿ ರಕ್ತ. ತಿಂಗಳಾದ ಮೇಲೆ ಅಂಗಡಿ ತೆಗೆದೆ, ದಿನಕ್ಕೆರಡು ಗಂಟೆ.

ಸುದ್ದಿ ಅಲ್ಲಿಗೇ ಬಂತು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡ ಮತ್ತು ಗಿರಿಜಾ ಸುವರ್ಣಕ್ಕನ ಮನೆ ಮುಂದೆ ನಿಂತು ಬೀದಿ ಕೇಳುವಂತೆ ಕೂಗಾಡಿ ಬಂದಿದ್ದರಂತೆ. ಅವಳ ಹತ್ತಿರ ಈಗ ಯಾರೂ ಹೋಗುವುದಿಲ್ಲವಂತೆ.

“ನಿಮ್ಮನ್ನ ಕೊಂದೇಬಿಡ್ತಿದ್ಲಂತಲ್ಲ ಮಂಜಕ್ಕ?” ಎಂದಳು ಬ್ಲೌಸು ಕೊಡಲು ಬಂದವಳು.

“ಹೂಂ” ಎಂದೆ.

ಆ ಒಂದು ಹೂಂ ನನ್ನ ಬಾಯಲ್ಲಿ ಹುಳಿತು ಕೂತಿತು. ಬೆಡ್‌ಪ್ಯಾನ್ ಕಂಡಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಊಟಕ್ಕೆ ಕೂತರೆ ನೆನಪಾಗುತ್ತಿತ್ತು. ಗಂಡನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ, ಅವರು ಪಾಪ ನನ್ನ ಕಾಲುಚೀಲ ತೊಡಿಸುತ್ತ ಕೂತಿದ್ದರು, ಮುಚ್ಚಿಕೊಂಡೆ. ನಾಲ್ಕನೇ ದಿನ ಯಾರಿಗೂ ಹೇಳದೆ ಹೊನ್ನಾಳಿ ಬಸ್ಸು ಹತ್ತಿದೆ.

ಸುವರ್ಣಕ್ಕ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಸಾಜಿನ ಮಂಚ ಗೋಡೆಗೆ ಒರಗಿತ್ತು. ಕೂತುಕೊಳ್ಳಿ ಎನ್ನಲಿಲ್ಲ.

“ಕಾಲು ಊದಿತ್ತು, ಒಂದೇ ಕಾಲು” ಎಂದೆ. “ಅಂಗಡ್ಯಾಗೆ ಟೇಪು ಹಿಡಿದು ಅಳೆದೇ ಬಂದಿದ್ದೆ. ಗೊತ್ತಿದ್ದೇ ಸುಳ್ಳು ಬರೆದೆ.”

“ನಂಗೆ ಆಸ್ಪತ್ರಿ ಸುದ್ದಿ ಕೇಳಿದ ದಿನಾನೇ ತಿಳೀತು” ಎಂದಳು. ಕೈ ನಿಲ್ಲಲಿಲ್ಲ.

“ನಾನು ಬರೆದ ಕಾಗದ?”

“ಐತೆ. ನಿಮ್ಮ ಯಜಮಾನ್ರು ಇಲ್ಲೇ ನಿಂತು ಒದರ್ತಿದ್ರಲ್ಲ, ಆಗ ಆ ಡ್ರಾಯರ್‌ನಾಗೇ ಇತ್ತು.”

“ತೋರಿಸಬಹುದಿತ್ತಲ್ಲ ಸುವರ್ಣಕ್ಕ! ಅವರ ಮುಖಕ್ಕೆ ಹಿಡೀಬಹುದಿತ್ತು.”

ಅವಳು ಆಗ ತಲೆಯೆತ್ತಿದಳು. “ಗ್ವಾಡೆ ಮ್ಯಾಲೆ ಏನು ಬರೆದೀನಿ ಓದ್ರಿ. ನಿಮ್ದು ತೋರಿಸಿದ್ರೆ ನಾಳೆ ಯಾವ ಹೆಣ್ಮಗಳು ನಂಗೆ ನಿಜ ಬರೆದುಕೊಡ್ತಾಳೆ? ಮಾತು ತಪ್ಪಾಕೆ ನಾನು ನೀವಲ್ಲ.”

ಕೆಂಪಕ್ಷರದ ಸಾಲು ಹಾಗೇ ಇತ್ತು. ನಾನು ಅದರ ಕೆಳಗೆ ನಿಂತಿದ್ದೆ. ಕ್ಷಮಿಸಿ ಎಂದೆ. ಅವಳು ಮತ್ತೆ ಅವರೆಕಾಯಿಗೆ ಕೈಹಾಕಿದಳು.

“ಅದನ್ನ ನಂಗೆ ಕೊಡ್ರಿ” ಎಂದೆ. “ನಂದು ನಾನು ತೋರಿಸಬಹುದಲ್ಲ?”

ಡ್ರಾಯರ್ ತೆಗೆದು ಕೊಟ್ಟಳು. ಅಲ್ಲೇ ಪೆನ್ನು ಇಸಿದುಕೊಂಡು ಏಳನೆಯದನ್ನು ಹೊಡೆದುಹಾಕಿ ಹೌದು ಎಂದು ಬರೆದೆ, ಪಕ್ಕದಲ್ಲಿ ಒಂದೂವರೆ ಇಂಚು ಎಂದೂ ಸೇರಿಸಿದೆ. ಒಂಬತ್ತರ ಮುಂದೆ ‘ಮುಟ್ಟು ಮುಂದೂಡುವ ಮಾತ್ರೆ, ದಿನಕ್ಕೆ ಮೂರು’ ಎಂದು ಪೂರ್ತಿ ಬರೆದೆ. ಹೊರಡುವಾಗ ಅವಳು ನನ್ನ ಕಾಲು ನೋಡಿ, “ಡಾಕ್ಟ್ರು ಬರೆದುಕೊಡೋ ತನಕ ಯಾರ ಕೈಲೂ ಮುಟ್ಟಿಸಬ್ಯಾಡ್ರಿ” ಎಂದಳು.

ಆ ಕಾಗದ ಈಗ ನನ್ನ ಅಂಗಡಿಯಲ್ಲಿದೆ, ತೊಳೆದು ತನ್ನಿ ಎಂಬ ಬೋರ್ಡಿನ ಕೆಳಗೆ. ಗಂಡ ಅದನ್ನು ಓದಿದರು. ಮರುದಿನ ತಾವೇ ಹೊನ್ನಾಳಿಗೆ, ಸುವರ್ಣಕ್ಕನ ಮನೆಗೆ ಹೋಗಿಬಂದರು. ಗಿರಿಜಾ ಮಾತ್ರ ಬಂದು, “ಮುಟ್ಟಿನ ವಿಷ್ಯನ ಗ್ವಾಡಿಗೆ ಅಂಟಿಸೋದಾ? ಹೇಸಿಗೆ ಆಗಲ್ವಾ ಅತ್ತಿಗೆ? ತೆಗಿ ಅದನ್ನ” ಎಂದಳು. ಆಗುತ್ತೆ, ಇರಲಿ ಎಂದೆ. ಅವಳು ಈಗ ಫೋನ್ ಮಾಡುವುದಿಲ್ಲ. ಸುವರ್ಣಕ್ಕನ ಹತ್ತಿರ ಇಬ್ಬರು ಹೋಗಿಬಂದರೆಂದು ಕೇಳಿದೆ. ಇಬ್ಬರೇ. ರಕ್ತ ತೆಳು ಮಾಡುವ ಮಾತ್ರೆ ಇನ್ನೂ ಮೂರು ತಿಂಗಳಿದೆ. ಮೋಟರ್ ತೆಗೆಸಿ ಮತ್ತೆ ಕಾಲಲ್ಲೇ ತುಳಿಯುತ್ತಿದ್ದೇನೆ, ಡಾಕ್ಟರ್ ಒಪ್ಪಿದ್ದಾರೆ. ಉಸಿರು ಪೂರ್ತಿ ಒಳಗೆ ಹೋದ ದಿನ ಅದೇ ದೊಡ್ಡದು ಅನ್ನಿಸುತ್ತದೆ.

ಮೊನ್ನೆ ಒಬ್ಬಳು ಬಂದಳು. ನಾನು ಟೇಪು ಹುಡುಕುತ್ತಿದ್ದಾಗ ಗೋಡೆಯ ಕಾಗದವನ್ನು ಮೇಲಿಂದ ಕೆಳಗೆ ಓದಿದಳು. ಹೊರತೆಗೆದಿದ್ದ ಅಳತೆ ಬ್ಲೌಸನ್ನು ಮತ್ತೆ ಚೀಲಕ್ಕೆ ತುರುಕತೊಡಗಿದಳು.

“ಇದು ತೊಳ್ದಿಲ್ಲ ಮಂಜಕ್ಕ. ನಾಳೆ ತೊಳ್ಕೊಂಡು ತರ್ತೀನಿ.”

“ಕೊಡು” ಎಂದೆ.

ನಾರುತ್ತಿತ್ತು. ಪೂರ್ತಿ ಕೈಯಲ್ಲಿ ಇಸಿದುಕೊಂಡೆ.