ಕುಳ್ಳ ಗಿಂಕೊಗೆ ಮೀನು ತೊಳೆದ ನೀರು

ಆಗ ನನಗೆ ಅರವತ್ತಾರು. ಆರು ವರ್ಷ ಹಿಂದಿನ ಮಾತು. ಮೂಡುಬಿದಿರೆಯಲ್ಲಿ ಒಂದು ಜೈನರ ಮನೆಯ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು ನನ್ನ ಕೆಲಸ. ಆ ಮಳೆಗಾಲದಲ್ಲಿ ಯಜಮಾನರು ಊಟಿಯಿಂದ ಒಂದು ಗಿಡ ತಂದರು, ಎರಡು ತಿಂಗಳಲ್ಲಿ ತೀರಿಕೊಂಡರು. ಗಿಡದ ಹೆಸರು ಗಿಂಕೊ. ಎತ್ತರ ನನ್ನ ಮೊಣಕಾಲಿನಷ್ಟು, ಎಲೆ ಒಂದೊಂದೂ ಪುಟ್ಟ ಬೀಸಣಿಗೆ. ಹೂವಿಲ್ಲ, ಕಾಯಿಲ್ಲ, ಸಾಂಬಾರಿಗೂ ಆಗದು. ಆದರೂ ಯಜಮಾನರ ಹೆಂಡತಿ, ನಮ್ಮ ಅಮ್ಮ, ದಿನಕ್ಕೆರಡು ಸಲ ಹೋಗಿ ಅದರ ಪಕ್ಕ ನಿಲ್ಲುತ್ತಿದ್ದರು.

ದೀಪಾವಳಿ ಕಳೆದು ಮಗಳ ಬಾಣಂತನಕ್ಕೆ ಮುಂಬೈಗೆ ಹೊರಟಾಗ ಬೀಗದ ಕೈ ನನಗೆ ಕೊಟ್ಟರು. "ಬೇರೆ ಗಿಡ ಸತ್ತರೆ ಸಾಯಲಿ. ಇದೊಂದನ್ನು ನೋಡಿಕೋ," ಎಂದರು.

ಆ ಮಾತೇ ನನ್ನ ನಿದ್ದೆ ಕೆಡಿಸಿತು. ದಿನಾ ಗಿಡದ ಪಕ್ಕ ಗೇಣು ಹಾಕಿ ಅಳೆಯುತ್ತಿದ್ದೆ. ತಿಂಗಳಾಯಿತು, ಒಂದು ಬೆರಳಷ್ಟೂ ಏರಲಿಲ್ಲ. ಹೊಟ್ಟೆಗೆ ಸಾಲದೆ ಹೀಗಾಗಿದೆ ಎಂದುಕೊಂಡೆ. ನಮ್ಮಲ್ಲಿ ಸೊರಗಿದ ಗಿಡಕ್ಕೆ ಏನು ಹಾಕುತ್ತಾರೆ, ನಿಮಗೂ ಗೊತ್ತುಂಟು. ನನ್ನ ಮನೆಯಲ್ಲಿ ಬಂಗುಡೆ ಮೀನು ತೊಳೆದ ನೀರನ್ನು ಬಾಲ್ದಿಯಲ್ಲಿ ಹೊತ್ತು ತಂದು ಬುಡಕ್ಕೆ ಹೊಯ್ದೆ. ಒಂದು ಸಲ ಅಲ್ಲ, ನಾಲ್ಕು ಸಲ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕದವರ ಮನೆಯ ಅಂಗಳ ಅದು. ನನ್ನ ಬುದ್ಧಿಗೆ ಅದು ಹೊಳೆಯಲೇ ಇಲ್ಲ.

ಹೊಳೆದದ್ದು ಎಲೆ ಹಳದಿಯಾದಾಗ. ಅಂಚಿನಲ್ಲಿ ಶುರುವಾದ ಹಳದಿ ಒಂದೇ ವಾರದಲ್ಲಿ ಇಡೀ ಗಿಡಕ್ಕೆ ಹತ್ತಿತು. ಆಮೇಲೆ ಉದುರಿತು. ನನ್ನ ಪಕ್ಕದ ಮನೆಯ ಐಸಮ್ಮ ನೋಡಲು ಬಂದಳು.

"ಜೈನರ ಗಿಡಕ್ಕೆ ಬಂಗುಡೆ ಕುಡಿಸಿದ್ದೀಯಲ್ಲ ಮಾರಾಯ್ತಿ, ಪಾಪ ಕಳೆಯಲಿಕ್ಕೆ ಉಪವಾಸ ಕೂತಿದೆ ಅದು."

"ನಗಬೇಡ. ಅಮ್ಮ ಬಂದರೆ ಏನು ಹೇಳಲಿ?"

"ದನ ತಿಂದಿತು ಅಂತ ಹೇಳು."

ಗೇಟು ಹಾಕಿದ ಅಂಗಳಕ್ಕೆ ಎಲ್ಲಿಯ ದನ? ಆದರೂ ಹೇಳಿ ನೋಡುವ ಎಂದು ಒಂದೆರಡು ದಿನ ಅದನ್ನೇ ಬಾಯಿಪಾಠ ಮಾಡಿದೆ. ಇದ್ದ ಕೆಲಸ ಹೋದರೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

ಅಮ್ಮ ರಿಕ್ಷಾದಿಂದ ಇಳಿದ ಕೂಡಲೇ ನನ್ನ ಬಾಯಿಂದ ಮೀನು, ನೀರು, ನಾಲ್ಕು ಸಲ, ಎಲ್ಲ ಹೊರಗೆ ಬಿತ್ತು. ದನ ಬರಲೇ ಇಲ್ಲ.

ಅವರು ಚಪ್ಪಲಿಯನ್ನೂ ಬಿಡದೆ ಗಿಡದ ಹತ್ತಿರ ಹೋಗಿ ಉಗುರಿನಿಂದ ಕಡ್ಡಿಯ ತೊಗಟೆ ಕೆರೆದರು. ಒಳಗೆ ಹಸಿರಿತ್ತು.

"ಸತ್ತಿಲ್ಲ. ಚಳಿಗೆ ಪೂರಾ ಬೋಳಾಗ್ತದೆ, ಹೆದರಬೇಡ ಅಂತ ಅವರು ತಂದಾಗಲೇ ಹೇಳಿದ್ದರು. ಕುಳ್ಳ ಜಾತಿ, ಇಷ್ಟೇ ಬೆಳೆಯುವುದು. ನಿನಗೆ ಹೇಳಲಿಕ್ಕೆ ಮರೆತೆ." ಉಗುರನ್ನು ಸೆರಗಿಗೆ ಒರೆಸಿ ಅಂದರು, "ಮೀನಿನ ವಿಷಯ ನೀನು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ."

"ಹೇಳಿ ಆಯಿತಲ್ಲ ಅಮ್ಮ."

"ಬೀಗದ ಕೈ ಕೊಟ್ಟು ಹೋಗು."

ನಾಳೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಗುಡ್ಡದಿಂದ ಒಂದು ಬುಟ್ಟಿ ಕೆಂಪು ಮಣ್ಣು ಅಗೆದು ತಲೆಯಲ್ಲಿ ಹೊತ್ತು ಹೋದೆ. ಗಿಡವನ್ನು ಕಿತ್ತು ಬೇರನ್ನು ಮೂರು ನೀರಿನಲ್ಲಿ ತೊಳೆದೆ. ಅಮ್ಮ ಜಗಲಿಯಿಂದ ಇಳಿದು ಬಂದು ಕಡ್ಡಿಯನ್ನು ನೆಟ್ಟಗೆ ಹಿಡಿದುಕೊಂಡರು. ನಾನು ಸುತ್ತ ಹೊಸ ಮಣ್ಣು ತುಂಬಿದೆ. ಮೀನಿನ ನೀರು ಕುಡಿದ ಹಳೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ನನ್ನ ಬಸಳೆಯ ಬುಡಕ್ಕೆ ಸುರಿದೆ.