ಬೀಡಿನ ತೊಲೆಯ ಕೆಳಗೆ

ನಮ್ಮ ಬಬಲೇಶ್ವರದ ಕಡೆ ತೊಲೆ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡಲು ಒಂದು ದಾರ ಸಾಕು. ಗೋಡೆಯಿಂದ ಗೋಡೆಗೆ ತೊಲೆಯ ಅಡಿಯಲ್ಲಿ ಬಿಗಿಯಾಗಿ ಹಿಡಿಯುತ್ತಾರೆ. ನಡುವೆ ತೊಲೆ ದಾರವನ್ನು ಒತ್ತಿದರೆ ಅದು ಬಾಗಿದೆ ಎಂದರ್ಥ. ನಾನು ಮನೆ ಕಟ್ಟಿಸುವ ಗುತ್ತಿಗೆದಾರ. ಡಿಪ್ಲೊಮಾ ಓದಿದ್ದೇನೆ, ಆದರೂ ಪುಸ್ತಕಕ್ಕಿಂತ ದಾರವನ್ನೇ ಹೆಚ್ಚು ನಂಬಿದವನು. ಸಾಗವಾನಿ ಇರಲಿ, ಹಳೆಯ ರೈಲು ಹಳಿ ಇರಲಿ, ಮುರಿಯುವ ಮೊದಲು ಬಾಗಿ ತೋರಿಸುತ್ತವೆ.

ತಿಕೋಟಾದ ನನ್ನ ಸೋದರಮಾವ ವಿಜಯಪುರದ ಪೇಟೆಯಲ್ಲಿ ಹಳೆಯ ಕಟ್ಟಡವೊಂದನ್ನು ಕೊಂಡಾಗಲೂ ದಾರ ಹಿಡಿದೇ ನೋಡಿದೆ. ಮೇಲಿನ ಅಂತಸ್ತಿನಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಇಡಬೇಕೆಂದು ಅವರ ಯೋಚನೆ. ಕೆಳಗೆ, ನಡುತೊಲೆಯ ನೇರಕ್ಕೆ, ಹಿಂದಿನ ಮಾಲೀಕರ ಕಾಲದಿಂದಲೂ ಬಾಡಿಗೆಗಿದ್ದ ವಯಸ್ಸಾದ ದರ್ಜಿಯೊಬ್ಬರ ಹೊಲಿಗೆ ಯಂತ್ರವಿತ್ತು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಬೆಳಕು ಅಲ್ಲೇ ಬೀಳುತ್ತಿದ್ದುದರಿಂದ ಅವರು ಜಾಗ ಬದಲಿಸಿದವರಲ್ಲ. ಬಣ್ಣ ಬಳಿದ ಕಬ್ಬಿಣದ ತೊಲೆ ಕೂದಲೆಳೆಯಷ್ಟೂ ಬಾಗಿರಲಿಲ್ಲ. "ಬೇಕಾದಷ್ಟು ಹೇರ್ರಿ ಮಾಮಾ" ಎಂದುಬಿಟ್ಟೆ.

ಎರಡು ತಿಂಗಳ ಮೇಲೆ ವೈರಿಂಗ್ ಮಾಡುವವನು ಕೊಳವೆ ಸಿಕ್ಕಿಸಲು ಆ ತೊಲೆಗೆ ಡ್ರಿಲ್ ಹಿಡಿದ. ಉಕ್ಕಾಗಿದ್ದರೆ ಸುರುಳಿ ಸುರುಳಿಯಾಗಿ ಬರಬೇಕಿತ್ತು. ಬಂದದ್ದು ಕಪ್ಪು ಪುಡಿ.

"ಇದು ಬೀಡ ಐತ್ರಿ" ಎಂದ ಆತ.

ಬೀಡು ಎಂದರೆ ಎರಕದ ಕಬ್ಬಿಣ. ಕಂಬವಾಗಿ ನಿಲ್ಲಿಸಿದರೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಅಡ್ಡ ಮಲಗಿಸಿ ಹೇರಿದರೆ ಅಡಿಭಾಗದ ಎಳೆತವನ್ನು ಅದು ತಾಳುವುದಿಲ್ಲ. ಕಣ್ಣಿಗೆ ಕಾಣುವಷ್ಟು ಬಾಗುವ ಮೊದಲೇ ಬಳಪದ ಹಾಗೆ ಪಟ್ಟನೆ ಮುರಿಯುತ್ತದೆ. ಇದೆಲ್ಲ ನಾನು ಓದಿ ಪಾಸಾದ ಪಾಠ. ಆ ತೊಲೆಯ ಮೇಲೆ ಅಂತಸ್ತು ತುಂಬ, ಸೂರಿನವರೆಗೆ, ಪೆಟ್ಟಿಗೆಗಳಿದ್ದವು. ಕೆಳಗೆ ಚಾಚಾ ಕಾಜಾ ಹೊಲಿಯುತ್ತಿದ್ದರು.

ಮಾವನಿಗೆ ಫೋನ್ ಮಾಡಿ ಅಂದೇ ಎಲ್ಲ ಇಳಿಸಬೇಕು ಎಂದೆ. ಬಂದರು, ನೋಡಿದರು, ನಕ್ಕರು.

"ಎಲ್ಲಿ ಬಾಗೇತಿ, ತೋರಸಪಾ. ನೀನ ಗಟ್ಟಿ ಐತಿ ಅಂದಿದ್ದಿ."

"ತಪ್ಪ ಹೇಳೇನ್ರಿ ಮಾಮಾ. ಇದು ಬಾಗೂದಿಲ್ಲ, ಮುರೀತೈತಿ."

"ನೆಟ್ಟಗಿರೂದು ಮುರೀತದಂತ!"

ಚಾಚಾನ ಜಾಗದಲ್ಲಿ ನೀವೇ ಕೂತು ನೋಡಿ ಎಂದೆ. ಹಟಮಾರಿ ಮನುಷ್ಯ, ಕೂತೇಬಿಟ್ಟರು. ಚಹಾ ತರಿಸಿ ಕುಡಿದರು. ಕೊನೆಗೆ ನಾನು ಮೊದಲು ಹೇಳಿದ್ದು ತಪ್ಪು, ಈ ತೊಲೆ ಭಾರ ತಡೆಯುವುದಿಲ್ಲ ಎಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಅವರ ಕೈಗಿಟ್ಟೆ. ಕಾಗದಕ್ಕೆ ಅವರು ಸ್ವಲ್ಪ ಹೆದರುತ್ತಾರೆ. ಸಂಜೆಯೊಳಗೆ ಪೆಟ್ಟಿಗೆಗಳು ಗಾಡಿ ಹತ್ತಿ ತಿಕೋಟಾಕ್ಕೆ ಹೋದವು. ಮೇಲಿನ ಅಂತಸ್ತು ಖಾಲಿಯಾಯಿತು.

ಆ ತೊಲೆ ಈಗಲೂ ನೆಟ್ಟಗಿದೆ. ಮದುವೆ, ಸೀಮಂತ, ಎಲ್ಲಿ ಸಿಕ್ಕರೂ ಮಾವ ನಾಲ್ಕು ಜನರ ಮುಂದೆ ನನ್ನ ಕಾಲೆಳೆಯುತ್ತಾರೆ. "ನಮ್ಮ ಇಂಜಿನಿಯರ್ ಸಾಹೇಬ್ರು, ನೆಟ್ಟಗಿದ್ದ ತೊಲಿಗೆ ಹೆದರ್ಯಾರ." ಮುರಿಯದ್ದನ್ನು ಮುರಿಯುತ್ತಿತ್ತು ಎಂದು ಹೇಗೆ ತೋರಿಸುವುದು? ಸಿಟ್ಟು ಬರುತ್ತದೆ, ನುಂಗಿಕೊಳ್ಳುತ್ತೇನೆ.

ಮೊನ್ನೆ ಅಂಗಿ ಹೊಲಿಸಲು ಹೋಗಿದ್ದೆ. ಚಾಚಾ ಟೇಪು ಹಿಡಿದು ನನ್ನ ಹೆಗಲಿನ ಅಳತೆ ತೆಗೆದುಕೊಳ್ಳುತ್ತಿದ್ದರು. ನಾನು ತೊಲೆಯ ಅಡಿಭಾಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತ ನಿಂತಿದ್ದೆ.

"ಏನ ಹುಡಕಾಕತ್ತೀರಿ ಸಾಹೇಬ್ರ?"

"ಏನಿಲ್ಲ ಚಾಚಾ" ಎಂದೆ.

ಹುಡುಕುತ್ತಿದ್ದದ್ದು ಅಂದಿನ ಭಾರಕ್ಕೆ ಬಿದ್ದಿರಬಹುದಾದ ಒಂದು ಬಿರುಕನ್ನು. ಹೆದರಿ ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆ. ಅಲ್ಲ, ಅದು ಕಂಡರೆ ಸಾಕು, ಮಾವನನ್ನು ಕರೆತಂದು ತೋರಿಸಬಹುದು ಎಂಬ ಆಸೆಯಿಂದ ಹುಡುಕುತ್ತಿದ್ದೆ. ಅಷ್ಟರಲ್ಲಿ ಚಾಚಾ ಅಳತೆ ಬರೆದುಕೊಂಡು, ಮತ್ತೆ ಆ ತೊಲೆಯ ಕೆಳಗೇ ಹೋಗಿ ಕೂತರು.