ಸದ್ದು ಮಾಡಬಾರದ ಮಹಡಿ ಮನೆ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಡಬ್ಬವೊಂದರಲ್ಲಿ ಎಂಟು ರಬ್ಬರ್ ಟೋಪಿಗಳು ಸಿಕ್ಕವು. ಕುರ್ಚಿಯ ಕಾಲಿಗೆ ತೊಡಿಸುವಂಥವು. ಮೂಸಿದೆ. ಅದೇ ಕರಿ ರಬ್ಬರಿನ ವಾಸನೆ... ಡಬ್ಬವನ್ನು ಸದ್ದಾಗದಂತೆ ಮೆಲ್ಲಗೆ ಕೆಳಗಿಟ್ಟೆ. ಇಷ್ಟು ವರ್ಷವಾದ ಮೇಲೂ ಒಬ್ಬ ಹೆಂಗಸಿಗೆ ಹೆದರುತ್ತೇನೆಂದರೆ ನನ್ನ ಧೈರ್ಯದ ಅಳತೆ ನಿಮಗೆ ಸಿಕ್ಕಿರಬೇಕು.

ಅವರು ನಮ್ಮ ಓನರಮ್ಮ. ತುಮಕೂರಿನ ಶೆಟ್ಟಿಹಳ್ಳಿ ಕಡೆ, ಉಳ್ಳವರು ಆಗಷ್ಟೇ ಮನೆ ಕಟ್ಟಿಕೊಳ್ಳುತ್ತಿದ್ದ ಬಡಾವಣೆಯಲ್ಲಿ ಅವರ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಅದಕ್ಕೆ ಮೊದಲು ಉಪ್ಪಾರಹಳ್ಳಿಯ ವಠಾರದಲ್ಲಿದ್ದೆವು. ಐದು ಮನೆಗೆ ಒಂದು ನಲ್ಲಿ. ಹೆಂಡತಿಗೆ ಮೊದಲ ಬಸಿರು ಅಲ್ಲೇ ಇಳಿದುಹೋಗಿತ್ತು. ಎರಡನೆಯದು ನಿಂತಾಗ ಡಾಕ್ಟರಮ್ಮ, ಕೊಡ ಎತ್ತಬಾರದು, ಮಲಗೇ ಇರಬೇಕು ಎಂದರು. ಹಾಗಾಗಿ ನನ್ನ ಯೋಗ್ಯತೆಗೆ ಮೀರಿದ ನಿಶ್ಶಬ್ದವನ್ನು ಹುಡುಕಿಕೊಂಡು ಹೋದೆ.

"ಇದು ಸೈಲೆಂಟ್ ಏರಿಯಾ. ಮಕ್ಕಳಿದಾವಾ?" ಎಂದು ಓನರಮ್ಮ ಮೊದಲ ದಿನವೇ ಕೇಳಿದ್ದರು.

"ಇಲ್ಲ" ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ರಬ್ಬರ್ ಟೋಪಿ ಅವರದೇ ಆಜ್ಞೆ. ಅಷ್ಟಾದರೂ ಕುರ್ಚಿ ಅಲ್ಲಾಡಿದರೆ ಕೆಳಗಿನಿಂದ ಸೂರಿಗೆ ಕೋಲಿನ ಗುದ್ದು. ಚೊಂಬು ಬಿದ್ದರೆ ಗುದ್ದು. ನಾನು ಸೀನು ಬಂದರೆ ಬೀದಿಗೆ ಇಳಿಯುತ್ತಿದ್ದೆ. ನಮ್ಮ ಕೋಣೆಯ ಕೆಳಗೇ ಅವರ ಯಜಮಾನರು ಹಾಸಿಗೆ ಹಿಡಿದು ಮಲಗಿದ್ದರು. ಅದನ್ನು ಆಗ ಅವರು ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ.

ಬಸಿರಿನ ಐದನೇ ತಿಂಗಳಿಗೆ ನಮ್ಮೂರು ಕಡಬದಿಂದ ಅಮ್ಮ ಒಂದು ಮೂಟೆ ತೆಂಗಿನಕಾಯಿಯೊಂದಿಗೆ ಬಂದಳು. ಓನರಮ್ಮನಿಗೆ ಒಂದು ಜೊತೆ ಕೊಟ್ಟು ಬಾ ಎಂದಳು. ನಾರು ಉದುರಿ ಅವರ ಮೊಸಾಯಿಕ್ ನೆಲ ಕೊಳೆಯಾದರೆ ಗತಿಯೇನು? ಅರ್ಧ ಗಂಟೆ ಕೂತು ಕಾಯಿಗಳನ್ನು ನುಣ್ಣಗೆ ಹೆರೆದೆ. ಜುಟ್ಟನ್ನೂ ಬಿಡಲಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡು ಇಳಿದೆ. ಜುಟ್ಟಿಲ್ಲದ ಕಾಯಿ ಶುಭಕ್ಕೆ ಸಲ್ಲದು ಎಂಬುದು ನಮ್ಮೂರ ಮಗುವಿಗೂ ಗೊತ್ತು. ತೆಂಗಿನ ನೆರಳಲ್ಲೇ ಬೆಳೆದ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಓನರಮ್ಮ ತಟ್ಟೆಯನ್ನು ಮುಟ್ಟಲಿಲ್ಲ. "ಒಳಗೆ ನಮ್ಮನೆಯವ್ರು ಉಸಿರಾಡ್ತಾ ಮಲಗಿದಾರೆ. ಬೋಳು ಕಾಯಿ ತಂದಿದೀರಲ್ಲ, ಯಾರ ಕಾರ್ಯಕ್ಕೆ? ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ಮೇಲೆ ಬಂದು ಹೇಳಿದರೆ ಅಮ್ಮ ಹಣೆ ಚಚ್ಚಿಕೊಂಡಳು. "ಕಾಯಿಗೆ ಕ್ಷೌರ ಮಾಡ್ಕೊಂಡು ಹೋಗಿದೀಯಲ್ಲೋ. ನಿನ್ನ ಓದ್ಸಿದ್ದು ದಂಡ ಕಣೋ."

ಅವಳೇ ಇಳಿದು ಹೋದಳು. ನಾನು ಗಂಡಸಾಗಿ ಮೆಟ್ಟಿಲ ತಿರುವಿನಲ್ಲಿ ಅವಿತು ನಿಂತೆ.

"ತಪ್ಪು ನನ್ ಮಗಂದೇ ಕಣಮ್ಮ," ಅಮ್ಮ ಹೇಳುತ್ತಿದ್ದಳು. "ಆದ್ರೆ ಮೇಲಿರೋಳು ಬಸುರಿ. ಹಿಂದೆ ಒಂದು ಕಳ್ಕೊಂಡವ್ಳೆ. ಬಸುರೀನ ಮನೆ ಬದ್ಲಾಯ್ಸಬಾರ್ದು, ನಿಂಗೂ ಗೊತ್ತೈತೆ."

"ಮಕ್ಕಳಿಲ್ಲ ಅಂದಿದ್ರು ನಿಮ್ಮ ಮಗ."

"ಇನ್ನೂ ಇಲ್ವಲ್ಲ, ಅದ್ಕೇ ಅಂದವ್ನೆ."

ಕೊನೆಗೆ ಓನರಮ್ಮನ ದನಿ ಕೇಳಿತು: "ಹೆರಿಗೆವರೆಗೂ ಇರ್ಲಿ. ಮಗು ಅಳೋ ಸದ್ದು ಮಾತ್ರ ಈ ಮನೇಲಿ ಕೇಳಬಾರ್ದು."

ಆ ನಾಲ್ಕು ತಿಂಗಳು ಅವರು ನನ್ನ ಮುಖ ನೋಡಲಿಲ್ಲ. ಗೇಟಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದರು. ಕೋಲಿನ ಗುದ್ದೂ ತಪ್ಪಲಿಲ್ಲ. ಮೋಟಾರಿನ ಸ್ವಿಚ್ಚು ಅವರ ಅಡುಗೆಮನೆಯಲ್ಲಿತ್ತು. ನೀರು ನಿಲ್ಲಿಸುತ್ತಾರೆಂದು ನಾನು ದಿನಾ ಬಕೆಟ್ಟುಗಳನ್ನೆಲ್ಲ ತುಂಬಿಸಿಡುತ್ತಿದ್ದೆ. ಒಂದು ದಿನವೂ ನಿಲ್ಲಲಿಲ್ಲ.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ತಾಯಿ ಮಗುವನ್ನು ನೇರ ಕಡಬಕ್ಕೆ ಕಳಿಸಿ, ಸಾಮಾನು ಸಾಗಿಸಲು ನಾನೊಬ್ಬನೇ ಬಂದೆ. ಬೀಗದ ಕೈ ತೆಗೆದುಕೊಳ್ಳಲು ಓನರಮ್ಮ ಗೇಟಿಗೆ ಬಂದರು. ಹೆಣ್ಣೋ ಗಂಡೋ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬಹುದಿತ್ತು... ಮಗಳು ಎಂಬ ಮೂರಕ್ಷರ.

ಅವರು ತೀರಿಕೊಂಡರೆಂದು ಹೋದ ತಿಂಗಳು ಗೊತ್ತಾಯಿತು. ಯಜಮಾನರು ನಾವು ಬಿಟ್ಟ ವರ್ಷವೇ ಹೋದರಂತೆ. ದುಃಖವಾಯಿತೆಂದರೆ ಸುಳ್ಳಾದೀತು. ಆದರೆ ಋಣವೊಂದು ಹಾಗೇ ಉಳಿಯಿತು; ಈಗ ಅದನ್ನು ತಗೊಳ್ಳುವವರಿಲ್ಲ.

ಟೋಪಿಗಳು ಸಿಕ್ಕ ಸಂಜೆಯೇ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ಬೀದಿಗೆ ಹೋದೆ. ಈಗವಳು ಹತ್ತನೇ ಕ್ಲಾಸು. ಮನೆಗೆ ಬೀಗ, ಕಿಟಕಿಗಳೆಲ್ಲ ಮುಚ್ಚಿದ್ದವು. ಗೇಟಿನ ಮುಂದೆ ನಿಲ್ಲಿಸಿದಾಗ ಶಾಲೆಯ ಯಾವುದೋ ಸಂಗತಿ ನೆನೆದು ಅವಳು ಜೋರಾಗಿ ನಕ್ಕಳು.

ಶ್ ಎಂದುಬಿಟ್ಟೆ.

"ಯಾಕಪ್ಪಾ, ಯಾರಿದಾರೆ ಒಳಗೆ?"

"ಯಾರೂ ಇಲ್ಲ ಕಣೇ," ಎಂದೆ. "ನಗು."